ಗುಡಾರದ ಸುಖ ನೆಲದಲ್ಲಿದೆ

ನಮ್ಮ ಹಿರಿಯರು ಡೇರೆ ಕೊಂಡವರಲ್ಲ. ಆದರೆ ಬಯಲಿನಲ್ಲಿ ಬಿಡಾರ ಹೂಡುವುದನ್ನು ಬಲ್ಲವರಾಗಿದ್ದರು. ರಾಯದುರ್ಗದ ಕಡೆಯವರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ, ಮಡಕಶಿರಾ ಸೀಮೆಯವರು ಶಿವರಾತ್ರಿಗೆ ಹೇಮಾವತಿಯ ಸಿದ್ಧೇಶ್ವರನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಗಾಡಿಯ ಮೂಕಿಯನ್ನು ಮೇಲೆತ್ತಿ, ಅದಕ್ಕೊಂದು ಜಮಖಾನ ಇಳಿಬಿಟ್ಟರೆ ಮನೆ ಸಿದ್ಧ. ಮಕ್ಕಳು ಮುದುಕರೊಡನೆ ಎರಡು ಮೂರು ರಾತ್ರಿ ಸುಖವಾಗಿ ಕಳೆದು ಬರುತ್ತಿದ್ದರು. ಒಂದೇ ಅನಂತಪುರ ಜಿಲ್ಲೆಯಲ್ಲಿದ್ದ ಈ ಎರಡು ತಾಲ್ಲೂಕುಗಳು 2022ರಿಂದ ಬೇರೆ ಬೇರೆ ಜಿಲ್ಲೆಗಳಿಗೆ ಸೇರಿವೆ, ಮಡಕಶಿರಾ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಾಡಿಗಳೂ ಕಡಮೆಯಾಗಿವೆ. ಅವುಗಳ ಬದಲಿಗೆ ಚೀಲದಲ್ಲಿ ಮಡಿಚಿ ಒಯ್ಯುವ ನೈಲಾನ್ ಗುಡಾರಗಳು ಬಂದಿವೆ.

ಸ್ಕೌಟ್ ಶಿಬಿರದಿಂದ ಮರಳಿದ ಹುಡುಗರು "ನಾವೂ ಹೋಗೋಣ ಅಪ್ಪಾ" ಎಂದು ಮನೆಯಲ್ಲಿ ಹಟ ಹಿಡಿಯುತ್ತಾರೆ. ಆಗ ಪೋಷಕರು ನಮ್ಮಲ್ಲಿಗೆ ಬಂದು "ಏನೇನು ಕೊಳ್ಳಬೇಕು ಮೇಷ್ಟ್ರೇ?" ಎಂದು ಕೇಳುವುದುಂಟು. ಕೊಳ್ಳುವ ಮಾತು ಆಮೇಲಿರಲಿ, ಮೊದಲು ಮಲಗುವ ನೆಲವನ್ನು ನೋಡಿ ಎನ್ನುತ್ತೇವೆ. ಜನ ಮೇಲಿನ ಬಟ್ಟೆಗೆ ಸಾವಿರಾರು ರೂಪಾಯಿ ಸುರಿದು ಕೆಳಗೆ ಹಳೆಯ ಚಾಪೆ ಹಾಸುತ್ತಾರೆ. ಚಳಿ, ಮುಳ್ಳು, ನೀರು, ಚೇಳು, ಹಾವು, ಇವೆಲ್ಲ ಬರುವುದು ಕೆಳಗಿನಿಂದ.

ಇದನ್ನು ನಾವು ಕಲಿತದ್ದು ಪೆಟ್ಟು ತಿಂದೇ. ಒಮ್ಮೆ ಜೂನ್ ತಿಂಗಳ ಮೊದಲ ವಾರ, ಶಾಲೆ ತೆರೆಯುವ ಮುನ್ನ, ಮಕ್ಕಳನ್ನು ಕರೆದುಕೊಂಡು ಕಣೇಕಲ್ಲಿನ ಕಡೆಯ ಮರಳು ದಿಬ್ಬಗಳಿಗೆ ಹೋಗಿದ್ದೆವು. ವೇದಾವತಿ, ಅಂದರೆ ನಮ್ಮ ಹಗರಿ, ತಂದು ಹಾಕಿದ ಮರಳನ್ನು ಗಾಳಿ ಗುಡ್ಡೆ ಮಾಡಿರುವ ಸ್ಥಳವದು. ಮೆತ್ತಗಿದೆಯೆಂದು ದಿಬ್ಬದ ನೆತ್ತಿಯಲ್ಲೇ ಗುಡಾರ ಹಾಕಿ ಗೂಟಗಳನ್ನು ನೇರವಾಗಿ ನೆಟ್ಟೆವು. ನಡುರಾತ್ರಿಯಲ್ಲಿ ನೈಋತ್ಯದ ಗಾಳಿ ಎದ್ದಿತು. ಗೂಟಗಳು ಬೆಣ್ಣೆಯಿಂದ ಕೂದಲೆಳೆದ ಹಾಗೆ ಬಂದವು. ಬೆಳಗಾಗುವ ತನಕ ನಾಲ್ಕು ಮೂಲೆಯಲ್ಲಿ ನಾಲ್ವರು ಕುಳಿತು ಗುಡಾರವನ್ನು ಹಿಡಿದುಕೊಂಡಿದ್ದೆವು. ಕಿರಿಯವನು ಮಾತ್ರ ಸುಖವಾಗಿ ನಿದ್ದೆ ಮಾಡಿದ.

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಹಗ್ಗವನ್ನು ಮೊಳದುದ್ದದ ಕಟ್ಟಿಗೆಗೋ ಮರಳು ತುಂಬಿದ ಗೋಣಿಚೀಲಕ್ಕೋ ಕಟ್ಟಿ ಒಂದೂವರೆ ಅಡಿ ಆಳದಲ್ಲಿ ಅಡ್ಡಲಾಗಿ ಹೂಳಬೇಕು. ಮಡಕಶಿರಾ ಬೆಟ್ಟಗಳ ಬಂಡೆ ನೆಲದಲ್ಲಾದರೆ ಗೂಟ ಇಳಿಯುವುದೇ ಇಲ್ಲ, ಭಾರವಾದ ಕಲ್ಲುಗಳಿಗೆ ಹಗ್ಗ ಬಿಗಿಯಬೇಕು. ಗೂಟ ಇಳಿಯುವ ಕೆಂಪು ನೆಲದಲ್ಲಿ ಅದರ ತಲೆ ಗುಡಾರಕ್ಕೆ ಬೆನ್ನು ಮಾಡಿ ಹೊರಕ್ಕೆ ವಾಲಿರಲಿ. ಎರೆಭೂಮಿ ಬೇಸಗೆಯಲ್ಲಿ ಬಾಯಿ ಬಿಟ್ಟಿರುತ್ತದೆ, ಮಳೆಯಲ್ಲಿ ಅಂಟಾಗುತ್ತದೆ. ಬಿರುಕುಗಳಲ್ಲಿ ಹುಳುಹುಪ್ಪಟೆ ಇರುವುದರಿಂದ ಅಲ್ಲಿ ಬಿಡಾರವೇ ಬೇಡ. ಬಾಗಿಲು ಗಾಳಿಗೆ ಬೆನ್ನಾಗಿರಲಿ. ಹತ್ತಿ ಬಟ್ಟೆಯ ಹಳೆಯ ಗುಡಾರವಾದರೆ ಇನ್ನೊಂದು ಸಂಗತಿ: ನೂಲಿನ ಹಗ್ಗ ನೆನೆದರೆ ಗಿಡ್ಡವಾಗಿ ಗೂಟವನ್ನೇ ಕೀಳುತ್ತದೆ, ಮಳೆ ಬರುವ ಮುಂಚೆ ಸ್ವಲ್ಪ ಸಡಿಲಿಸಿ. ನೈಲಾನಿನದು ತದ್ವಿರುದ್ಧ, ನೆನೆದಾಗ ಜೋಲುತ್ತದೆ, ಆಗ ಬಿಗಿಯಬೇಕು. ಹೊಲಿಗೆ ಬಿಟ್ಟಿದ್ದರೆ ಹೊಸ ಗುಡಾರ ಕೊಳ್ಳಬೇಕಾಗಿಲ್ಲ. ಜೀನ್ಸ್ ಹೊಲಿಯುವ ಊರು ರಾಯದುರ್ಗ, ದಪ್ಪ ಬಟ್ಟೆಗೆ ಜೋಡಿ ಹೊಲಿಗೆ ಹಾಕುವ ಯಂತ್ರ ಅಲ್ಲಿ ಬೀದಿಬೀದಿಗೂ ಇದೆ.

ಒಣಗಿದ ಹಳ್ಳದ ಪಾತ್ರ ಸಮತಟ್ಟಾಗಿ, ನೆರಳಾಗಿ, ಬಹಳ ಚೆನ್ನಾಗಿ ಕಾಣುತ್ತದೆ. ಅಲ್ಲಿ ಎಂದಿಗೂ ಮಲಗಬಾರದು. ಮಳೆ ಕಡಮೆಯಾದ ನಮ್ಮ ಸೀಮೆಯಲ್ಲಿ ಹಳ್ಳಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ 2022ರ ಅಕ್ಟೋಬರಿನಲ್ಲಿ ಅನಂತಪುರದ ಪಕ್ಕದ ಪಂಡಮೇರು ಉಕ್ಕಿ ಬಡಾವಣೆಗಳ ಒಳಗೇ ನುಗ್ಗಿತು. ಮಳೆ ಎಲ್ಲೋ ಮೇಲೆ ಸುರಿದಿರುತ್ತದೆ, ನಿಮ್ಮ ತಲೆಯ ಮೇಲೆ ನಕ್ಷತ್ರ ಕಾಣುತ್ತಿರುತ್ತದೆ. ಕಲ್ಲಿನ ಪೊಟರೆಗಳಿರುವ ಗುಡ್ಡ, ಸೀತಾಫಲದ ಪೊದೆ, ಇವುಗಳ ಬಳಿಯೂ ಬೇಡ. ಎರಡು ತಾಲ್ಲೂಕುಗಳಲ್ಲೂ ಕರಡಿಗಳಿವೆ, ಹಣ್ಣು ಅವಕ್ಕೂ ಪ್ರಿಯ. ಅರಣ್ಯ ಇಲಾಖೆಯ ನೆಲವಾದರೆ ಅನುಮತಿ ಇಲ್ಲದೆ ಉಳಿಯಲಾಗದು. ಎಲ್ಲಕ್ಕಿಂತ ಒಳ್ಳೆಯದು ಪರಿಚಯದ ರೈತರ ತೋಟದ ಅಂಚು. ಕರೆದರೆ ಓಗೊಡುವ ಮನೆ ಹತ್ತಿರವಿರುತ್ತದೆ.

ಇನ್ನು ಹಾಸಿಗೆಯ ಮಾತು. ಒಂದು ಸಂಕ್ರಾಂತಿ ರಜೆಯಲ್ಲಿ ಅಮರಾಪುರದ ಕಡೆ ಉಳಿದಾಗ ತಲಾ ಎರಡು ಕಂಬಳಿ ಹೊದ್ದರೂ ಬೆನ್ನು ಮಂಜುಗಡ್ಡೆಯಾಗಿತ್ತು. ಬಟ್ಟೆ ಬೆಚ್ಚಗಿರಿಸುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಮೈಭಾರಕ್ಕೆ ತೆಳ್ಳನೆಯ ಹಾಸಿಗೆ ಒತ್ತಿ ಚಪ್ಪಟೆಯಾದಾಗ ಆ ಗಾಳಿ ಹೊರಟುಹೋಗಿ, ಮೈಯ ಶಾಖ ನೇರವಾಗಿ ನೆಲಕ್ಕಿಳಿಯುತ್ತದೆ. ಆದ್ದರಿಂದ ಎರಡು ಕಂಬಳಿ ಇದ್ದರೆ ಒಂದನ್ನು ಕೆಳಕ್ಕೆ ಹಾಕಿ. ನಮ್ಮ ಕ್ರಮ ಹೀಗಿದೆ: ಮೊದಲು ಟಾರ್ಪಾಲು, ಅದರ ಮೇಲೆ ಒಣ ಹುಲ್ಲಿನ ಚಾಪೆ, ಮೇಲೆ ಚಳ್ಳಕೆರೆಯ ಕಂಬಳಿ. ಕುರಿ ಮೇಯಿಸುವವರು ಬಯಲಲ್ಲಿ ತಿಂಗಳುಗಟ್ಟಲೆ ಕಳೆಯುವುದು ಇದೇ ಕಂಬಳಿಯ ಬಲದಿಂದ. ಅವರಿಗೆ ಅದು ಹಾಸು, ಹೊದಿಕೆ, ಮಳೆಗೆ ಕೊಪ್ಪೆ. ಟಾರ್ಪಾಲಿನ ಅಂಚು ಗುಡಾರದ ಹೊರಗೆ ಚಾಚಿರಬಾರದು, ಚಾಚಿದರೆ ಮಳೆನೀರನ್ನು ಒಳಕ್ಕೇ ಕರೆತರುತ್ತದೆ. ಚಳಿಯೆಂದು ಕಿಟಕಿ ಬಾಗಿಲನ್ನೆಲ್ಲ ಮುಚ್ಚಿದರೆ ನಿಮ್ಮ ಉಸಿರೇ ಬಟ್ಟೆಯ ಒಳಮೈಗೆ ಹನಿಗಟ್ಟಿ ಮೇಲೆ ತೊಟ್ಟಿಕ್ಕೀತು. ಒಂದು ಸಂದು ತೆರೆದಿರಲಿ. ಇದ್ದಿಲಿನ ಒಲೆಯನ್ನಂತೂ ಒಳಗೆ ಇಡಲೇಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಪೋಷಕರು ಗಮನವಿಟ್ಟು ಓದಬೇಕಾದುದು ಮುಂದಿನದು. ಕಟ್ಟುಹಾವು, ತೆಲುಗಿನಲ್ಲಿ ಕಟ್ಲಪಾಮು, ರಾತ್ರಿ ಸಂಚರಿಸುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೂ ಊತವೂ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದಂತಹ ಭಾರ, ಮಾತು ತೊದಲುವುದು ಕಂಡರೆ ಇದನ್ನೇ ಶಂಕಿಸಬೇಕು. ತಡೆಯುವ ಉಪಾಯ ಸುಲಭ: ನೆಲಹಾಸು ಗೋಡೆಗೆ ಸೇರಿಸಿ ಹೊಲಿದಿರುವ ಗುಡಾರ. ಅದಿಲ್ಲವಾದರೆ ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ. ನಾವು ಕೊಳ್ಳಲೇಬೇಕೆಂದು ಹೇಳುವ ಒಂದೇ ವಸ್ತುವಿದ್ದರೆ ಈ ಪರದೆ. ಬಾಗಿಲಿನ ಝಿಪ್ಪು ಸದಾ ಮುಚ್ಚಿರಲಿ. ದೀಪವನ್ನು ಬಾಗಿಲಲ್ಲಿ ತೂಗುಹಾಕಿದರೆ ಹುಳು ಬರುತ್ತವೆ, ಹುಳುವಿಗೆ ಕಪ್ಪೆ, ಕಪ್ಪೆಗೆ ಹಾವು. ದೀಪ ನಾಲ್ಕು ಮಾರು ದೂರವಿರಲಿ. ಅಕ್ಕಿ, ಶೇಂಗಾ ಮುಚ್ಚಳದ ಡಬ್ಬಿಯಲ್ಲಿರಲಿ, ಇಲ್ಲವಾದರೆ ಇಲಿ ಬರುತ್ತದೆ, ಅದರ ಹಿಂದೆ ಬರುವುದೂ ಅದೇ. ರಾತ್ರಿ ಹೊರಗೆ ಹೋಗುವಾಗ ಟಾರ್ಚು, ಮುಚ್ಚಿದ ಚಪ್ಪಲಿ ಎರಡೂ ಬೇಕು.

ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ದಾರ ಕಟ್ಟುವುದು, ನಾಟಿ ಮದ್ದಿಗೆ ಹೊತ್ತು ಕಳೆಯುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಕಟ್ಟಿ, ನಡೆಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ನಾಗರಹಾವು, ಕಟ್ಟುಹಾವು, ತೆಲುಗಿನವರು ರಕ್ತಪಿಂಜರಿ ಎನ್ನುವ ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ನಮ್ಮ ದೇಶದ ಪ್ರತಿವಿಷ ಒಂದೇ. ಆದ್ದರಿಂದ ಹಾವನ್ನು ಹಿಡಿದು ತರುವ ಸಾಹಸ ಅನವಶ್ಯಕ. ಹೊರಡುವ ಮೊದಲೇ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯೆಂದು ವಿಚಾರಿಸಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಚೇಳಿನ ವಿಷಯದಲ್ಲಿ ಹುಡುಗರು ದೊಡ್ಡ ಕರಿಚೇಳಿಗೆ ಹೆದರುತ್ತಾರೆ. ಹೆಚ್ಚು ಅಪಾಯ ಸಣ್ಣ ಕೆಂಪು ಚೇಳಿನದು. ಕುಟುಕಿದ ಮೇಲೆ ಮಗು ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ತಡಮಾಡಬಾರದು. ಮಹಾರಾಷ್ಟ್ರದ ಮಹಾಡಿನ ವೈದ್ಯರಾದ ಹಿಮ್ಮತರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಬಳಸುತ್ತಿದ್ದ ಪ್ರಾಜೋಸಿನ್ ಎಂಬ ಮಾತ್ರೆ ಇದಕ್ಕೆ ಜೀವದಾನಿಯೆಂದು ತೋರಿಸಿಕೊಟ್ಟರು. ಅದನ್ನು ಕೊಡಬೇಕಾದವರು ವೈದ್ಯರೇ. ಚೇಳಿನ ಮೈ ನೇರಳಾತೀತ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಅಂಗಡಿಯವರು ನೋಟು ಪರೀಕ್ಷಿಸುವ ಪುಟ್ಟ ದೀಪ ಹಿಡಿದು ಸಂಜೆ ಒಂದು ಸುತ್ತು ಬಂದರೆ ನೆಲದ ನಿಜಸ್ಥಿತಿ ತಿಳಿಯುತ್ತದೆ. ನಮ್ಮ ಮಕ್ಕಳಿಗೆ ಇದೇ ದೊಡ್ಡ ವಿನೋದವಾಗಿಬಿಟ್ಟಿದೆ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ರಾತ್ರಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿಯ ಬುತ್ತಿ ಸಾಕು. ಮೂರು ಕಲ್ಲಿನ ಒಲೆ ಗಾಳಿ ಹೋಗುವ ದಿಕ್ಕಿನಲ್ಲಿರಲಿ, ಒಂದು ಕಿಡಿಗೆ ನೈಲಾನು ಕರಗುತ್ತದೆ. ಕುಡಿಯುವ ನೀರು ಮನೆಯಿಂದಲೇ ಬರಲಿ, ನಮ್ಮ ಕಡೆಯ ಎಷ್ಟೋ ಕೊಳವೆಬಾವಿಗಳ ಫ್ಲೋರೈಡು ಕುದಿಸಿದರೂ ಹೋಗುವಂಥದಲ್ಲ. ನಾಲ್ಕು ಕೋಲು, ಒಂದು ಹಳೆಯ ಸೀರೆ, ಒಂದು ಗುದ್ದಲಿ ಮರೆಯದೆ ಒಯ್ಯಿರಿ. ಮರೆಯಾದ ಬಚ್ಚಲು ಇಲ್ಲದಿದ್ದರೆ ಹೆಣ್ಣುಮಕ್ಕಳು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟುಬಿಡುತ್ತಾರೆ, ಬಾಯಿಬಿಟ್ಟು ಹೇಳುವುದೂ ಇಲ್ಲ. ಅಡುಗೆ, ಪಾತ್ರೆಗಳ ಕೆಲಸ ತಾಯಿಯೊಬ್ಬಳ ಪಾಲಿಗೇ ಬಂದರೆ ಅದು ವಿಹಾರವಾಗದು. ನಮ್ಮಲ್ಲಿ ಪಾತ್ರೆ ತಿಕ್ಕುವುದು ಗಂಡಸರ ಸರದಿ.

ಮರಳಿ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಒದ್ದೆ ಗುಡಾರವನ್ನು ಹಾಗೆಯೇ ಮಡಿಚಿಟ್ಟರೆ ಹದಿನೈದು ದಿನದೊಳಗೆ ಬೂಜು ಹಿಡಿಯುತ್ತದೆ. ಮಾಳಿಗೆಯ ಮೇಲೆ ಒಂದು ದಿನ ಒಳಗನ್ನೂ ಮತ್ತೊಂದು ದಿನ ಹೊರಗನ್ನೂ ಬಿಸಿಲಿಗೆ ಹರಡಿ, ನೆಲಹಾಸಿನಲ್ಲಿ ಸಿಕ್ಕ ಜಾಲಿಮುಳ್ಳನ್ನು ಒಂದೊಂದಾಗಿ ಕೀಳಬೇಕು. ಈ ಕೆಲಸಕ್ಕೆ ನೆರೆಮನೆಯ ಮಕ್ಕಳೂ ತಾವಾಗಿ ಬಂದು ಕೂರುತ್ತಾರೆ, ಮುಂದಿನ ಸಲ ತಮ್ಮನ್ನೂ ಕರೆದೊಯ್ಯುವರೆಂಬ ಆಸೆಯಿಂದ.