ನಿಮಗಿದು ಗೊತ್ತೆ? ಒಂದೇ ಕೈಯಲ್ಲಿ ಕಡೆದ ಗೊಮ್ಮಟ!

ಕಾರ್ಕಳದ 42 ಅಡಿಯ ಗೊಮ್ಮಟನನ್ನು ಕಡೆದವನು ಶಿಲ್ಪಿ ಕಲ್ಕುಡನಂತೆ. ಅಂಥ ಮೂರ್ತಿ ಬೇರೆಲ್ಲೂ ಏಳಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದನಂತೆ. ಛಲ ಬಿಡದ ಕಲ್ಕುಡ ಉಳಿದ ಒಂದೇ ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ಕಡೆದನೆನ್ನುತ್ತದೆ ತುಳುವಿನ ಜನಪದ ಕಥನಗೀತೆಯಾದ ಪಾಡ್ದನ. ಆದರೆ ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ! ಪಾಡ್ದನಕ್ಕೆ ಈ ಲೆಕ್ಕ ಬೇಕಿಲ್ಲ ಬಿಡಿ.

ಹಾಗೆಂದು ಪಾಡ್ದನ ಬರೀ ಅಜ್ಜಿಕತೆಯಲ್ಲ. ಅಜ್ಜಿಕತೆಯ ರಾಜನಿಗೆ ಊರಿಲ್ಲ, ಹೆಸರಿಲ್ಲ; ಕೇಳಿ ನಕ್ಕು ಮಲಗಿದರೆ ಮುಗಿಯಿತು. ಪಾಡ್ದನ ಊರು, ಮನೆತನಗಳ ಹೆಸರು ಹಿಡಿದೇ ಹೇಳುತ್ತದೆ, ನಂಬಿ ಎನ್ನುತ್ತದೆ. ನೇಜಿ ನೆಡುವ ಹೆಂಗಸರ ಬಾಯಲ್ಲಿ ಅದು ಕೆಲಸದ ಹಾಡು, ದೈವಾರಾಧನೆಯ ಕೋಲದಲ್ಲಿ ದೈವದ ಹುಟ್ಟುಕಥೆ. ದೈವಗಳಾದ ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿಗೆ ತುಳುನಾಡಿನಲ್ಲಿ ಇಂದಿಗೂ ಕೋಲ ನಡೆಯುತ್ತದೆ.