ಪಥ್ಯದ ನಡುವಣ ವಿರಾಮ: ತಪ್ಪು ಕಲ್ಪನೆಗಳು ಮತ್ತು ಸತ್ಯ

ಸೂರ್ಯೋದಯಕ್ಕೆ ಮುನ್ನವೇ ಮರೀನಾ ಕಡಲತಡಿಯಲ್ಲಿಯೂ ತ್ಯಾಗರಾಯನಗರ, ಮೈಲಾಪುರಗಳ ಉದ್ಯಾನಗಳಲ್ಲಿಯೂ ಬಿರುಸಾಗಿ ನಡೆಯುತ್ತಿರುವ ಸ್ತ್ರೀಪುರುಷರನ್ನು ಕಂಡವರಿಗೆ, ದೇಹದ ತೂಕವನ್ನು ಇಳಿಸಬೇಕೆಂಬ ಸಂಕಲ್ಪ ಚೆನ್ನೈ ನಗರದಲ್ಲಿ ಎಷ್ಟು ವ್ಯಾಪಕವಾಗಿದೆಯೆಂಬುದನ್ನು ಬೇರೆ ಹೇಳಬೇಕಾದದ್ದಿಲ್ಲ. ಆ ಸಂಕಲ್ಪಕ್ಕೆ ಸಕಾರಣವೂ ಉಂಟು. ಡಾಕ್ಟರ್ ಎಂ. ವಿಶ್ವನಾಥನ್ ಅವರು 1954ರಲ್ಲಿ ರಾಯಪುರಂನಲ್ಲಿ ತೆರೆದ ಆಸ್ಪತ್ರೆಯು ಮುಂದೆ ಮಧುಮೇಹಕ್ಕೆಂದೇ ಮೀಸಲಾದ ಊರಿದು. ಭಾರತೀಯರಲ್ಲಿ ದೇಹತೂಕ ಸೂಚ್ಯಂಕವು 23ನ್ನು ಮುಟ್ಟಿದೊಡನೆಯೇ ಅಧಿಕತೂಕವೆಂದೂ, 25ನ್ನು ಮುಟ್ಟಿದರೆ ಸ್ಥೂಲಕಾಯವೆಂದೂ, ಸೊಂಟದ ಸುತ್ತಳತೆಯು ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನು ಮೀರಬಾರದೆಂದೂ ವೈದ್ಯರು ಎಚ್ಚರಿಸುತ್ತಲೇ ಬಂದಿದ್ದಾರೆ.

ಆದರೆ ಪಥ್ಯವನ್ನು ಆರಂಭಿಸುವುದು ಸುಲಭ. ತಿಂಗಳುಗಟ್ಟಲೆ ನಡೆಸುವುದು ಕಷ್ಟ. ಈ ಕಷ್ಟವನ್ನು ಬಲ್ಲ ಆಹಾರತಜ್ಞರು ಈಚಿನ ವರ್ಷಗಳಲ್ಲಿ ಒಂದು ಉಪಾಯವನ್ನು ಪರೀಕ್ಷಿಸಿದ್ದಾರೆ: ಪಥ್ಯದ ನಡುವೆ, ಮೊದಲೇ ಗೊತ್ತುಮಾಡಿಕೊಂಡ ಒಂದೆರಡು ವಾರಗಳ ಕಾಲ, ತೂಕವು ಇಳಿಯದಂತೆಯೂ ಏರದಂತೆಯೂ ಉಣ್ಣುವುದು. ಈ ವಿರಾಮವನ್ನು ಕುರಿತು ಜನರಲ್ಲಿ ಅತಿಯಾದ ಭಯವೂ ಅತಿಯಾದ ಭರವಸೆಯೂ ಏಕಕಾಲದಲ್ಲಿ ಹರಡಿರುವುದರಿಂದ, ಅವುಗಳಲ್ಲಿ ಮುಖ್ಯವಾದುವನ್ನು ಒಂದೊಂದಾಗಿ ವಿಚಾರಿಸುವುದು ಯುಕ್ತ.

ತಪ್ಪು ಕಲ್ಪನೆ 1: ವಿರಾಮವೆಂದರೆ ಮನಸ್ಸಿಗೆ ಬಂದದ್ದನ್ನು ಬೇಕಾದಷ್ಟು ತಿನ್ನಲು ಸಿಕ್ಕ ಅನುಮತಿ.

ಸತ್ಯ: ಇದು ಎಲ್ಲಕ್ಕಿಂತ ಹಾನಿಕರವಾದ ಭ್ರಮೆ. ಚೆನ್ನೈಯ ಅನೇಕ ಮಾಧ್ವ ಮನೆಗಳಲ್ಲಿ ಏಕಾದಶಿಯ ನಿರಾಹಾರಕ್ಕೆ ಎಷ್ಟು ಕಟ್ಟುನಿಟ್ಟೋ ದ್ವಾದಶಿಯ ಪಾರಣೆಗೂ ಅಷ್ಟೇ ಕಟ್ಟುನಿಟ್ಟಾದ ಕಾಲನಿಯಮವಿರುವಂತೆ, ಪಥ್ಯದ ವಿರಾಮವೂ ಪಥ್ಯದಷ್ಟೇ ನಿಯಮಬದ್ಧವಾದದ್ದು. ಅದರ ಅಳತೆ ಸ್ಪಷ್ಟ: ದೇಹವು ದಿನವೊಂದಕ್ಕೆ ವ್ಯಯಿಸುವಷ್ಟು ಶಕ್ತಿಯನ್ನು ಮಾತ್ರ ಆಹಾರದಿಂದ ಒದಗಿಸುವುದು. ಪಥ್ಯದಲ್ಲಿ ದಿನಕ್ಕೆ 500 ಕಿಲೋಕ್ಯಾಲರಿಯನ್ನು ಕಡಿತಗೊಳಿಸಿದ್ದವರು ವಿರಾಮದಲ್ಲಿ ಆ ಐನೂರನ್ನು ಮರಳಿ ಸೇರಿಸಿಕೊಳ್ಳಬಹುದು, ಅದಕ್ಕಿಂತ ಹೆಚ್ಚಲ್ಲ. ಸ್ಥೂಲವಾಗಿ ಹೇಳುವುದಾದರೆ ಎರಡು ಇಡ್ಲಿ, ಒಂದು ಬಟ್ಟಲು ಅನ್ನ, ಒಂದು ಹಿಡಿ ಕಡಲೆಕಾಯಿ ಬೀಜ, ಇಷ್ಟರಲ್ಲಿ ಆ ಲೆಕ್ಕ ಮುಗಿದುಹೋಗುತ್ತದೆ. ಇನ್ನೊಂದು ಸೂಕ್ಷ್ಮವನ್ನೂ ಮರೆಯತಕ್ಕದ್ದಲ್ಲ: ತೂಕ ಇಳಿದ ಮೇಲೆ ದೇಹಕ್ಕೆ ಬೇಕಾಗುವ ಶಕ್ತಿಯೂ ಇಳಿದಿರುವುದರಿಂದ, ಪಥ್ಯಕ್ಕೆ ಮೊದಲು ಉಣ್ಣುತ್ತಿದ್ದಷ್ಟನ್ನೇ ಈಗಲೂ ಉಂಡರೆ ಅದು ಅಳತೆಯನ್ನು ಮೀರಿದ ಊಟವಾಗುತ್ತದೆ.

ತಪ್ಪು ಕಲ್ಪನೆ 2: ವಿರಾಮದ ಎರಡು ವಾರಗಳಲ್ಲಿ ಕಳೆದ ತೂಕವೆಲ್ಲವೂ ಮರಳಿ ಬಂದುಬಿಡುತ್ತದೆ.

ಸತ್ಯ: ವಿರಾಮದ ಮೊದಲ ಕೆಲವು ದಿನಗಳಲ್ಲಿ ತೂಕದ ಯಂತ್ರವು ಒಂದು, ಒಂದೂವರೆ ಕಿಲೋ ಹೆಚ್ಚಿಗೆ ತೋರಿಸುವುದುಂಟು, ಅದನ್ನು ಕಂಡು ಎದೆಗುಂದುವವರೂ ಉಂಟು. ಆದರೆ ಆ ಹೆಚ್ಚಳ ಬಹುಮಟ್ಟಿಗೆ ಕೊಬ್ಬಿನದಲ್ಲ, ನೀರಿನದು. ಅನ್ನ, ಧಾನ್ಯಗಳಿಂದ ಬಂದ ಶರ್ಕರವು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಎಂಬ ರೂಪದಲ್ಲಿ ಸಂಗ್ರಹವಾಗುವಾಗ, ಪ್ರತಿ ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಮು ನೀರು ಸೇರಿಕೊಳ್ಳುತ್ತದೆ. ಪಥ್ಯದಲ್ಲಿ ಬರಿದಾಗಿದ್ದ ಈ ಸಂಗ್ರಹ ತುಂಬಿಕೊಂಡೊಡನೆ ತೂಕ ಏರಿದಂತೆ ಕಾಣುತ್ತದೆ. ಒಂದು ಕಿಲೋ ಕೊಬ್ಬು ನಿಜವಾಗಿ ಕೂಡಬೇಕಾದರೆ ವ್ಯಯಕ್ಕಿಂತ ಸುಮಾರು 7,700 ಕಿಲೋಕ್ಯಾಲರಿಯಷ್ಟು ಅಧಿಕವಾಗಿ ತಿನ್ನಬೇಕು. ಅಳತೆಯರಿತು ಉಣ್ಣುವವನಿಗೆ ಅದು ಸಂಭವಿಸುವುದಿಲ್ಲ.

ಈ ವಿಷಯದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಸಂಶೋಧನೆಯ ವೃತ್ತಾಂತ ಸ್ವಾರಸ್ಯವಾದದ್ದು. ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಎಂಬ ವಿದ್ವಾಂಸರು, ಪಥ್ಯ ತಪ್ಪಿದವರು ಏಕೆ ಪೂರ್ತಿಯಾಗಿ ಕೈಬಿಡುತ್ತಾರೆಂಬುದನ್ನು ಅರಿಯುವ ಉದ್ದೇಶದಿಂದ, 142 ಮಂದಿಯಲ್ಲಿ ಕೆಲವರಿಗೆ ಆರು ವಾರಗಳ ಒಂದು ದೀರ್ಘ ವಿರಾಮವನ್ನೂ, ಮತ್ತೆ ಕೆಲವರಿಗೆ ಎರಡೆರಡು ವಾರಗಳ ಮೂರು ಹ್ರಸ್ವ ವಿರಾಮಗಳನ್ನೂ ತಾವೇ ವಿಧಿಸಿದರು. ವಿರಾಮವು ಅವರ ಕ್ರಮವನ್ನು ಕೆಡಿಸಬಹುದೆಂದು ಸಂಶೋಧಕರು ಎಣಿಸಿದ್ದರು. ನಡೆದದ್ದು ಬೇರೆ. ವಿರಾಮ ಪಡೆದವರು ಅದು ಮುಗಿದ ಮೇಲೆ ಪಥ್ಯಕ್ಕೆ ಮರಳಿದರು. ಕಡೆಯಲ್ಲಿ ನೋಡಿದಾಗ, ಎಡೆಬಿಡದೆ ನಡೆಸಿದವರಿಗೂ ಇವರಿಗೂ ಇಳಿದ ತೂಕದಲ್ಲಿ ಗಣನೀಯವಾದ ಅಂತರವೇ ಇರಲಿಲ್ಲ. ಗೊತ್ತುಮಾಡಿಕೊಂಡ ವಿರಾಮವೇ ಬೇರೆ, ಸೋತು ಕೈಬಿಡುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಾಗಿಲ್ಲ.

ತಪ್ಪು ಕಲ್ಪನೆ 3: ವಿರಾಮವು ಮಂದವಾದ ಚಯಾಪಚಯ ಕ್ರಿಯೆಯನ್ನು ಪುನಃ ಚುರುಕುಗೊಳಿಸಿ, ತೂಕವನ್ನು ದುಪ್ಪಟ್ಟು ವೇಗದಲ್ಲಿ ಇಳಿಸುತ್ತದೆ.

ಸತ್ಯ: ಈ ಮಾತಿನಲ್ಲಿ ಒಂದು ಅಂಶ ನಿಜ, ಮೇಲೆ ಕಟ್ಟಿದ ಆಶಾಸೌಧ ನಿಜವಲ್ಲ. ಆಹಾರ ಕಡಿಮೆಯಾದಾಗ ದೇಹವು ತನ್ನ ವ್ಯಯವನ್ನೂ ಕಡಿಮೆಮಾಡಿಕೊಳ್ಳುತ್ತದೆಂಬುದು ನಿರ್ವಿವಾದ. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ, 1944-45ರಲ್ಲಿ, ಆನ್ಸೆಲ್ ಕೀಸ್ ಅವರು ಅಮೆರಿಕದ ಮಿನ್ನೆಸೋಟಾದಲ್ಲಿ 36 ಮಂದಿ ಸ್ವಯಂಸೇವಕ ತರುಣರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ ಇದು ಪ್ರತ್ಯಕ್ಷವಾಯಿತು: ಆ ತರುಣರು ಕಾಲುಭಾಗ ತೂಕವನ್ನು ಕಳೆದುಕೊಂಡುದಲ್ಲದೆ, ಅವರ ದೇಹದ ಶಕ್ತಿವ್ಯಯವೂ ತೀವ್ರವಾಗಿ ಕುಗ್ಗಿತು. ತೃಪ್ತಿಯ ಸಂದೇಶವನ್ನು ಮಿದುಳಿಗೆ ಮುಟ್ಟಿಸುವ, 1994ರಲ್ಲಿ ಬೆಳಕಿಗೆ ಬಂದ ಲೆಪ್ಟಿನ್ ಎಂಬ ಹಾರ್ಮೋನು ಪಥ್ಯದಲ್ಲಿ ಇಳಿಯುವುದೂ ಇದೇ ಆತ್ಮರಕ್ಷಣೆಯ ಅಂಗ.

ಇದನ್ನು ವಿರಾಮದಿಂದ ತಡೆಯಬಹುದೇ ಎಂಬ ಪ್ರಶ್ನೆಗೆ ಆಸ್ಟ್ರೇಲಿಯದ ಟಾಸ್ಮೇನಿಯಾ ವಿಶ್ವವಿದ್ಯಾಲಯದ ವಿದ್ವಾಂಸರು 2017ರಲ್ಲಿ ಪ್ರಕಟಿಸಿದ ಉತ್ತರ ಬಹಳ ಸದ್ದುಮಾಡಿತು. ಸ್ಥೂಲಕಾಯರಾದ 51 ಮಂದಿ ಪುರುಷರಲ್ಲಿ ಅರ್ಧದಷ್ಟು ಜನ 16 ವಾರಗಳ ಪಥ್ಯವನ್ನು ಒಂದೇ ಸಮನೆ ನಡೆಸಿದರು. ಉಳಿದವರು ಎರಡು ವಾರ ಪಥ್ಯ, ಎರಡು ವಾರ ವಿರಾಮ ಎಂಬ ಕ್ರಮದಲ್ಲಿ ಅದೇ 16 ವಾರಗಳ ಪಥ್ಯವನ್ನು 30 ವಾರಗಳಿಗೆ ಹರಡಿಕೊಂಡರು. ಮೊದಲಿನವರು ಸರಾಸರಿ 9.1 ಕಿಲೋ ಇಳಿಸಿದರೆ ಎರಡನೆಯವರು 14.1 ಕಿಲೋ ಇಳಿಸಿದರು. ಶಕ್ತಿವ್ಯಯದ ಕುಗ್ಗುವಿಕೆಯೂ ಇವರಲ್ಲಿ ಕಡಿಮೆಯಾಗಿತ್ತು. ಆದರೆ ಒಂದು ಪ್ರಯೋಗದಿಂದ ಸಿದ್ಧಾಂತ ನಿಲ್ಲುವುದಿಲ್ಲ. ವ್ಯಾಯಾಮದಲ್ಲಿ ನುರಿತ 61 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ, 38 ಮಂದಿ ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ, ಒಂದೊಂದು ವಾರದ ವಿರಾಮದಿಂದ ಕೊಬ್ಬಿನ ಇಳಿಕೆಯಲ್ಲಾಗಲಿ ಶಕ್ತಿವ್ಯಯದಲ್ಲಾಗಲಿ ವಿಶೇಷ ಲಾಭವೇನೂ ಕಾಣಲಿಲ್ಲ. ಆದುದರಿಂದ, ಚಯಾಪಚಯವನ್ನು ಎಬ್ಬಿಸುವ ಮಂತ್ರವೆಂದು ವಿರಾಮವನ್ನು ಹಿಡಿಯುವವರಿಗೆ ನಿರಾಶೆಯಾಗುವ ಸಂಭವವೇ ಹೆಚ್ಚು.

ತಪ್ಪು ಕಲ್ಪನೆ 4: ವಿರಾಮವನ್ನು ಬಯಸುವುದು ಮನೋದೌರ್ಬಲ್ಯದ ಲಕ್ಷಣ.

ಸತ್ಯ: ಪಥ್ಯದಲ್ಲಿ ದಿನಗಳೆದಂತೆ ಹಸಿವು ಬಲಿಯುವುದು ಶೀಲದ ಕೊರತೆಯಿಂದಲ್ಲ, ಮೇಲೆ ಹೇಳಿದ ದೇಹಧರ್ಮದಿಂದ. ತೂಕದ ವಿಷಯದಲ್ಲಿ ವಿಶೇಷ ಲಾಭವನ್ನು ಕಾಣದ ಆ 2021ರ ಪ್ರಯೋಗದಲ್ಲಿಯೇ, ವಿರಾಮ ಪಡೆದವರಿಗೆ ಹಸಿವೂ ತಿನ್ನಬೇಕೆಂಬ ಹಂಬಲವೂ ಕಡಿಮೆಯಾಗಿದ್ದುವು. ವಿರಾಮದ ನಿಜವಾದ ಬೆಲೆ ಇರುವುದು ಇಲ್ಲಿ. ಅದು ದಾರಿಯನ್ನು ಮೊಟಕುಗೊಳಿಸುವುದಿಲ್ಲ. ನಡೆಯುವವನನ್ನು ದಾರಿಯಲ್ಲಿ ಉಳಿಸುತ್ತದೆ. ತೂಕವನ್ನು ಇಳಿಸದೆ ಏರಿಸದೆ ಉಣ್ಣುವ ವಿದ್ಯೆ ಪಥ್ಯ ಮುಗಿದ ಮೇಲೆ ಜೀವಮಾನವೆಲ್ಲ ಬೇಕಾಗುವುದರಿಂದ, ಅದರ ಅಭ್ಯಾಸವೂ ಈ ವಾರಗಳಲ್ಲಿ ಆಗುತ್ತದೆ.

ತಪ್ಪು ಕಲ್ಪನೆ 5: ತೂಕ ಇಳಿಯದ ವಾರ ವ್ಯರ್ಥವಾದ ವಾರ.

ಸತ್ಯ: ಇದಕ್ಕೆ ಸಮಾಧಾನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಡಾಕ್ಟರ್ ಎ. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ಚೆನ್ನೈಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಮಧುಮೇಹ ನಿವಾರಣಾ ಪ್ರಯೋಗದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿ ಭಾಗವಹಿಸಿದ್ದರು. ಆಹಾರವನ್ನು ತಿದ್ದಿಕೊಂಡು ನಿತ್ಯವೂ ನಡೆದವರ ಗುಂಪಿನಲ್ಲಿ ಮೂರು ವರ್ಷಗಳೊಳಗೆ ರೋಗಕ್ಕೆ ತುತ್ತಾಗುವ ಸಂಭವ ಶೇಕಡಾ 28.5ರಷ್ಟು ತಗ್ಗಿತು, ಆದರೆ ಅವರ ತೂಕದಲ್ಲಿ ಹೇಳಿಕೊಳ್ಳತಕ್ಕ ಇಳಿಕೆಯಾಗಿರಲಿಲ್ಲ. ತೂಕದ ಮುಳ್ಳು ನಿಂತಲ್ಲೇ ನಿಂತಿದ್ದರೂ ಒಳ್ಳೆಯ ಆಹಾರ ಮತ್ತು ನಡಿಗೆ ತಮ್ಮ ಕೆಲಸವನ್ನು ಮಾಡುತ್ತಲೇ ಇರುತ್ತವೆ. ಆದುದರಿಂದ ವಿರಾಮದಲ್ಲಿ ನಡಿಗೆಯನ್ನು ಬಿಡಬಾರದು. ಬೇಳೆಕಾಳು, ಮೊಸರು, ತರಕಾರಿಗಳನ್ನು ತಟ್ಟೆಯಿಂದ ತೆಗೆದುಹಾಕಲೂ ಬಾರದು.

ತಪ್ಪು ಕಲ್ಪನೆ 6: ಹಬ್ಬ ಬಂದಾಗಲೆಲ್ಲ ತಿಂದರಾಯಿತು, ಅದೇ ವಿರಾಮ, ಮತ್ತು ಇದು ಯಾರಿಗಾದರೂ ಸರಿಯೇ.

ಸತ್ಯ: ಒಂದು ದಿನದ ಔತಣ ವಿರಾಮವಲ್ಲ, ಕೊನೆಯಿಲ್ಲದ ಸಡಿಲಿಕೆಯೂ ವಿರಾಮವಲ್ಲ. ಎರಡು ಮೂರು ತಿಂಗಳ ಪಥ್ಯವನ್ನು ಶ್ರದ್ಧೆಯಿಂದ ನಡೆಸಿದವರಿಗೆ ಒಂದೆರಡು ವಾರಗಳ ವಿರಾಮ ಸಾಕು. ಚೆನ್ನೈಯಲ್ಲಿರುವವರಿಗೆ ಧನುರ್ಮಾಸವು ಇದಕ್ಕೆ ಸಹಜವಾಗಿ ಒದಗುವ ಕಾಲ: ಮನೆಯಲ್ಲಿ ಹುಗ್ಗಿ, ಸಂಗೀತಸಭೆಗಳ ಕ್ಯಾಂಟೀನುಗಳಲ್ಲಿ ಬಾಳೆಯೆಲೆಯ ಊಟ, ತಿಂಗಳ ಕೊನೆಗೆ ಸಂಕ್ರಾಂತಿ. ಆದರೆ ತಿಂಗಳಿಡೀ ಅಳತೆ ಮೀರದೆ, ಅದರಲ್ಲಿ ಯಾವ ಎರಡು ವಾರಗಳೆಂಬುದನ್ನು ಮುಂಚೆಯೇ ನಿಶ್ಚಯಿಸಿಕೊಳ್ಳುವುದು ವಿವೇಕ. ಇನ್ಸುಲಿನ್ ಮೊದಲಾದ ಮಧುಮೇಹದ ಔಷಧಗಳನ್ನು ತೆಗೆದುಕೊಳ್ಳುವವರಲ್ಲಿ ಆಹಾರ ಬದಲಾದಂತೆ ಔಷಧದ ಪ್ರಮಾಣವೂ ಬದಲಾಗಬೇಕಾಗಬಹುದಾದ್ದರಿಂದ, ಅವರು ವೈದ್ಯರ ಸಲಹೆಯಿಲ್ಲದೆ ಪಥ್ಯವನ್ನಾಗಲಿ ವಿರಾಮವನ್ನಾಗಲಿ ಕೈಗೊಳ್ಳತಕ್ಕದ್ದಲ್ಲ. ಗರ್ಭಿಣಿಯರು ತೂಕ ಇಳಿಸುವ ಪ್ರಯತ್ನಕ್ಕೇ ಕೈಹಾಕಬಾರದು. ತಿನ್ನತೊಡಗಿದರೆ ನಿಲ್ಲಿಸಲಾರದ ತೊಂದರೆಯುಳ್ಳವರು ಮೊದಲು ತಜ್ಞರ ನೆರವನ್ನು ಪಡೆಯಬೇಕು.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಪಥ್ಯದಿಂದ ಬಳಲಿದ್ದರೆ ನಿಮ್ಮನ್ನು ನೀವು ನಿಂದಿಸಿಕೊಳ್ಳಬೇಡಿ, ಪವಾಡವನ್ನೂ ನಿರೀಕ್ಷಿಸಬೇಡಿ. ವಿರಾಮದ ಮೊದಲ ದಿನವನ್ನು ಪಂಚಾಂಗದಲ್ಲಿ ಗುರುತುಮಾಡುವಾಗಲೇ ಕೊನೆಯ ದಿನವನ್ನೂ ಗುರುತುಮಾಡಿರಿ. ಆ ಎರಡನೆಯ ಗುರುತನ್ನು ಮೊದಲನೆಯದಕ್ಕಿಂತ ಹೆಚ್ಚು ಗೌರವದಿಂದ ಪಾಲಿಸಿರಿ.