ಗಂಗೋತ್ರಿಗೆ ಬಂದವರ ಮೊದಲ 14 ದಿನ

ಮೈಸೂರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಯಾವೂರಾಯ್ತು?’ ನಮ್ಮ ಬೀದಿಯ ಮನೆಯೊಡತಿಯೊಬ್ಬರಿಗೆ ಒಮ್ಮೆ ‘ಯೆಮನ್’ ಎಂಬ ಉತ್ತರ ಬಂತು. ಮಂಡ್ಯ, ಹಾಸನ ಅಂದಿದ್ದರೆ ಎರಡೇ ನಿಮಿಷದಲ್ಲಿ ಜಾತಿ, ನೆಂಟಸ್ತನ ಎಲ್ಲ ಕೆದಕಿ ತೆಗೆಯಬಲ್ಲ ಹೆಂಗಸು ಅವರು. ತುಸು ಹೊತ್ತು ಸುಮ್ಮನಿದ್ದು, ‘ಮನೇಲಿ ಮೀನು ಹುರೀತೀರಾ?’ ಎಂದರು. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ತನಗೆ ಅಡುಗೆಯೇ ಬರುವುದಿಲ್ಲ ಎಂದು ಹುಡುಗ ನಕ್ಕ. ರೂಮು ಸಿಕ್ಕಿತು.

ಆತ ಬಂದಿದ್ದು ಮೈಸೂರು ವಿಶ್ವವಿದ್ಯಾಲಯಕ್ಕೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ವಿಶ್ವವಿದ್ಯಾಲಯವಿದು. ಅದರ ಮಾನಸಗಂಗೋತ್ರಿ ಆವರಣಕ್ಕೆ ಹೆಸರಿಟ್ಟವರು ಕುವೆಂಪು. ಊರಿನವರ ಬಾಯಲ್ಲಿ ಬರೀ ‘ಗಂಗೋತ್ರಿ’. ಇರಾನ್, ಯೆಮನ್, ಅಫ್ಘಾನಿಸ್ತಾನ, ಆಫ್ರಿಕಾದ ದೇಶಗಳು, ಹೀಗೆ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಇಲ್ಲಿಗೆ ಓದಲು ಬರುತ್ತಾರೆ. ಮೈಸೂರಿಗೆ ಪರದೇಶದವರೇನೂ ಹೊಸಬರಲ್ಲ. ಯೋಗಗುರು ಪಟ್ಟಾಭಿ ಜೋಯಿಸರ ಹೆಸರು ಕೇಳಿ ಗೋಕುಲಂ ಬಡಾವಣೆಗೆ ಬರುವ ಯೋಗದವರು ತಿಂಗಳೋ ಎರಡು ತಿಂಗಳೋ ಇದ್ದು, ಎಳನೀರು ಕುಡಿದು ಹೊರಡುತ್ತಾರೆ. ಗಂಗೋತ್ರಿಯವರ ಲೆಕ್ಕ ಬೇರೆ. ಎರಡು ವರ್ಷ, ಪಿಎಚ್.ಡಿ. ಆದರೆ ನಾಲ್ಕೈದು ವರ್ಷ ಇಲ್ಲೇ ಬಾಳಬೇಕು. ವಿದ್ಯಾರ್ಥಿ ವೀಸಾದಲ್ಲಿ ಕೆಲಸಕ್ಕೆ ಸೇರುವಂತಿಲ್ಲ, ಮನೆಯಿಂದ ಬರುವ ದುಡ್ಡೋ ವಿದ್ಯಾರ್ಥಿವೇತನವೋ ಅಷ್ಟೇ ಆಧಾರ.

ಇವರಿಗೆಂದೇ ವಿಶ್ವವಿದ್ಯಾಲಯ ಅಂತರರಾಷ್ಟ್ರೀಯ ಕೇಂದ್ರವೊಂದನ್ನು ನಡೆಸುತ್ತದೆ. ಹೆಸರು ಕೇಳಿದರೆ ವಿಚಾರ ಸಂಕಿರಣ, ಹಾರ ತುರಾಯಿ ನೆನಪಾಗಬಹುದು. ಇಂಥ ಕಚೇರಿಯ ನಿಜವಾದ ಸರಕು ಕಾಗದ. ಪ್ರವೇಶದ ಪತ್ರ, ವ್ಯಾಸಂಗ ಪ್ರಮಾಣಪತ್ರ, ವೀಸಾ ವಿಸ್ತರಣೆಗೆ ಶಿಫಾರಸು. ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂಬ ತಿಳಿವಳಿಕೆ ಅದಕ್ಕಿಂತ ಮುಖ್ಯ.

180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದ ಮೇಲೆ ಬಂದವರು ದೇಶದೊಳಗೆ ಕಾಲಿಟ್ಟ 14 ದಿನದಲ್ಲಿ ವಿದೇಶಿಯರ ನೋಂದಣಿ ಮಾಡಿಸಬೇಕು. ನೋಂದಣಿಗೆ ವಿಳಾಸದ ದಾಖಲೆ ಬೇಕು. ವಿಳಾಸಕ್ಕೆ ಮನೆ ಬೇಕು. ಮನೆಗೆ ಅಡ್ವಾನ್ಸ್ ಕೊಡಬೇಕು. ಅಡ್ವಾನ್ಸ್ ದುಡ್ಡು ತರಿಸಿಕೊಳ್ಳಲು ಬ್ಯಾಂಕ್ ಖಾತೆ ಬೇಕು. ಖಾತೆಗೆ ಮತ್ತೆ ವಿಳಾಸದ ದಾಖಲೆ ಬೇಕು! ಮೊಬೈಲ್ ಸಿಮ್ಮಿಗೂ ಇದೇ ಪಾಡು; ಸಿಮ್ ಇಲ್ಲದೆ ಓಟಿಪಿ ಬರುವುದಿಲ್ಲ, ಓಟಿಪಿ ಇಲ್ಲದೆ ಈ ಕಾಲದಲ್ಲಿ ಯಾವ ಬಾಗಿಲೂ ತೆರೆಯುವುದಿಲ್ಲ. ಈ ಸುತ್ತನ್ನು ಎಲ್ಲಿ ಕತ್ತರಿಸಬೇಕೆಂದು ಬಲ್ಲವರೇ ನನ್ನ ಪ್ರಕಾರ ಮಾರ್ಗದರ್ಶಕರು, ಅವರ ಕುರ್ಚಿ ಎಷ್ಟೇ ಚಿಕ್ಕದಿರಲಿ. ಹಾಸ್ಟೆಲಿನಲ್ಲಿ ಜಾಗ ಸಿಕ್ಕವರಿಗೆ ಅಲ್ಲಿನ ಪತ್ರವೇ ವಿಳಾಸ. ಹೊರಗೆ ರೂಮು ಹಿಡಿದವರಿಗೆ ಬಾಡಿಗೆ ಕರಾರು ಪತ್ರ, ಮನೆಯವರ ಕರೆಂಟ್ ಬಿಲ್ಲು. ಬ್ಯಾಂಕಿನಲ್ಲಿ ಕೇಳಬೇಕಾದ್ದು ಮಾಮೂಲಿ ಉಳಿತಾಯ ಖಾತೆಯನ್ನಲ್ಲ, ಅನಿವಾಸಿಗಳಿಗಿರುವ ಎನ್‌ಆರ್‌ಓ ಖಾತೆಯನ್ನು. ಈ ಮೂರಕ್ಷರ ಗೊತ್ತಿಲ್ಲದೆ ಕೌಂಟರಿನಿಂದ ಕೌಂಟರಿಗೆ ಅಲೆದವರು ಎಷ್ಟೋ ಮಂದಿ. ಒಂದು ವರ್ಷದಲ್ಲಿ 182 ದಿನ ಇಲ್ಲಿ ಇದ್ದವರಿಗೆ ಆಧಾರ್ ಕೂಡ ಸಿಗುತ್ತದೆಂಬುದು ಬಹಳ ಜನಕ್ಕೆ ತಿಳಿಯದು.

2018ರಲ್ಲಿ ವಿದೇಶಿಯರ ನೋಂದಣಿಯ ಆನ್‌ಲೈನ್ ವ್ಯವಸ್ಥೆಯಾದ ಇ-ಎಫ್‌ಆರ್‌ಆರ್‌ಓ ಬಂದ ಮೇಲೆ ಫೈಲು ಹಿಡಿದು ಕಚೇರಿಗೆ ಎಡತಾಕುವುದು ಬಹಳ ಕಡಿಮೆಯಾಗಿದೆ. ಈಗಿನ ಗೋಳು ಅಪ್‌ಲೋಡಿನದು, ಅದರಲ್ಲೂ ಹೆಸರು ಮತ್ತು ಹುಟ್ಟಿದ ತಾರೀಕಿನದು. ಅಫ್ಘಾನಿಸ್ತಾನದ ಎಷ್ಟೋ ಜನರಿಗೆ ಇರುವುದೇ ಒಂದು ಹೆಸರು. ಫಾರಮ್ಮು ಬಿಡುತ್ತದೆಯೇ? ಮನೆತನದ ಹೆಸರು ತುಂಬಿ ಎನ್ನುತ್ತದೆ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯಲು ಪಡುವ ಪಾಡನ್ನು ನೆನೆದರೆ ಇದು ಅರ್ಥವಾಗುತ್ತದೆ. ಇನ್ನು ಕಾಬೂಲಿನ ಅಂಕಪಟ್ಟಿಯಲ್ಲಿ ಹುಟ್ಟಿದ ವರ್ಷ 1379 ಎಂದಿದ್ದರೆ ಮೊದಲ ಸಲ ನೋಡಿದವರು ಅಚ್ಚಿನ ತಪ್ಪೆಂದೇ ತಿಳಿಯುತ್ತಾರೆ. ಅದು ಇರಾನ್ ಮತ್ತು ಅಫ್ಘಾನಿಸ್ತಾನದಲ್ಲಿ ನಡೆದುಬಂದ ಸೌರ ಹಿಜರಿ ವರ್ಷ. ನಮ್ಮ ಯುಗಾದಿಯ ಆಸುಪಾಸಿನಲ್ಲಿ, ಮಾರ್ಚಿನಲ್ಲಿ ಹೊಸ ವರ್ಷ. 1379 ಎಂದರೆ 2000ದ ಮಾರ್ಚಿನಿಂದ 2001ರ ಮಾರ್ಚಿನವರೆಗೆ. ತಿಂಗಳು ಗೊತ್ತಿಲ್ಲದೆ ಬರೀ 621 ಕೂಡಿಸಿದರೆ ಒಂದು ವರ್ಷ ಆಚೀಚೆ ಆಗುವುದುಂಟು. ಪಾಸ್‌ಪೋರ್ಟಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಆಯಿತೋ, ಮುಂದೆ ಪದವಿ ಪ್ರಮಾಣಪತ್ರದವರೆಗೂ ಅದೇ ಗಂಟು.

ಇಂಥ ಕಚೇರಿಗಳ ಕಸುವು ಗೊತ್ತಾಗುವುದು ಕಷ್ಟಕಾಲದಲ್ಲಿ. 2021ರ ಆಗಸ್ಟ್ 15ರಂದು, ನಾವು ಇಲ್ಲಿ ಬಾವುಟ ಹಾರಿಸಿ ಸಿಹಿ ಹಂಚುತ್ತಿದ್ದ ದಿನವೇ, ಕಾಬೂಲ್ ತಾಲಿಬಾನಿನ ಕೈಗೆ ಹೋಯಿತು. ಮೈಸೂರಿನಲ್ಲಿದ್ದ ಅಫ್ಘನ್ ವಿದ್ಯಾರ್ಥಿಗಳಿಗೆ ಮನೆಯವರ ಚಿಂತೆ ಒಂದು ಕಡೆ, ಮುಗಿಯುತ್ತ ಬಂದ ವೀಸಾದ ಚಿಂತೆ ಇನ್ನೊಂದು ಕಡೆ. ಅಂದಿನ ಕುಲಪತಿ ಜಿ. ಹೇಮಂತಕುಮಾರ್ ಅವರನ್ನು ಕಂಡು ಅಳಲು ತೋಡಿಕೊಂಡರು. ನೆರವಾಗುವ ಭರವಸೆ ಸಿಕ್ಕಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದವರದೂ ಅದೇ ಕಥೆ. ಮನೆಗೆ ಫೋನು ಹೋಗದ ರಾತ್ರಿಗಳಲ್ಲಿ ಹಾಸ್ಟೆಲಿನ ಪಕ್ಕದ ಕೋಣೆಯವರು ತಂದುಕೊಟ್ಟ ಟೀ ಯಾವ ಕಡತದಲ್ಲೂ ದಾಖಲಾಗುವುದಿಲ್ಲ.

ಒಂದು ತಕರಾರನ್ನು ಹೇಳದೆ ಮುಂದೆ ಹೋಗಲಾರೆ. ಪಿಎಚ್.ಡಿ. ಪ್ರಬಂಧ ಸಲ್ಲಿಸಿದ ಮೇಲೆ ಪರೀಕ್ಷಕರ ವರದಿ ಬಂದು ವೈವಾ ನಡೆಯುವುದಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಾಲಮಿತಿ ಎಂಬುದು ಕಾಗದದ ಮೇಲಷ್ಟೇ. ಊರಿನ ವಿದ್ಯಾರ್ಥಿ ಶಪಿಸುತ್ತ ಕಾಯುತ್ತಾನೆ. ಪರದೇಶದವರಿಗೆ ಆ ಒಂದೊಂದು ತಿಂಗಳೂ ವೀಸಾ, ಬಾಡಿಗೆ, ವಿಮಾನದ ಟಿಕೆಟ್ಟು. ಸ್ವಾಗತ ಸಮಾರಂಭಕ್ಕೆ ಪೇಟ ತೊಡಿಸುವ ಮುತುವರ್ಜಿಯಲ್ಲಿ ಕಾಲುಪಾಲು ಇತ್ತ ಹರಿದರೂ ಸಾಕು.

ಭಾಷೆಯ ವಿಚಾರ ಅಷ್ಟು ಕಷ್ಟದ್ದಲ್ಲ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಗಂಗೋತ್ರಿಯ ಅಂಗಳದಲ್ಲೇ ಇದೆ. ಆದರೂ ಹೆಚ್ಚಿನವರ ಕನ್ನಡ ಕಲಿಕೆ ನಡೆಯುವುದು ಆಟೋ ಸ್ಟ್ಯಾಂಡಿನಲ್ಲಿ, ದೇವರಾಜ ಮಾರುಕಟ್ಟೆಯಲ್ಲಿ. ‘ಎಷ್ಟು?’, ‘ಜಾಸ್ತಿ ಆಯ್ತು’, ‘ಚೇಂಜ್ ಇಲ್ಲ’, ಇಷ್ಟು ಬಂದರೆ ಮೊದಲ ಸೆಮಿಸ್ಟರ್ ದಾಟಿದಂತೆ. ನಮ್ಮ ಬೀದಿಯ ಹುಡುಗ ಆರೇ ತಿಂಗಳಲ್ಲಿ ‘ಆಂಟಿ, ಹೋಗ್ಬಿಟ್ಟು ಬರ್ತೀನಿ’ ಎನ್ನುವಷ್ಟಾಗಿದ್ದ.

ಮನೆ ಬಾಡಿಗೆಗೆ ಕೊಡುವ ಓದುಗರಿಗೆ ಒಂದು ಮಾತು. ವಿದೇಶಿ ವಿದ್ಯಾರ್ಥಿಗೆ ರೂಮು ಕೊಟ್ಟರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಜನ ಇಂದಿಗೂ ಅದನ್ನು ಸಿ-ಫಾರಂ ಎಂದೇ ಕರೆಯುತ್ತಾರೆ. ಪೊಲೀಸ್ ಎಂಬ ಹೆಸರು ಕೇಳಿ ಹೆದರಿ ‘ರೂಮು ಖಾಲಿ ಇಲ್ಲ’ ಎನ್ನಬೇಡಿ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ ಇಟ್ಟುಕೊಂಡು ಕೂತರೆ ಮನೆಯಲ್ಲೇ ಮುಗಿಯುವ ಕೆಲಸ. ಅದಕ್ಕೆ ಶುಲ್ಕವೂ ಇಲ್ಲ.